ಗಣಕಕ್ರಯ ಮೀಮಾಂಸೆ: ಗೋವಿನಕೋವಿ ಪಾಠ

ಯಾವ ಶಾಸ್ತ್ರಗ್ರಂಥಕ್ಕೂ ನಾಲ್ಕು ಅನುಬಂಧಗಳಿರಬೇಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಈ ಗ್ರಂಥಕ್ಕೆ ಅಧಿಕಾರಿ, ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹಿಡಿದ ಹುಡುಗಿಯ ತಂದೆ. ವಿಷಯ, ಲ್ಯಾಪ್‌ಟಾಪ್. ಸಂಬಂಧ, ಬೆಂಗಳೂರಿನ ಸೋದರಮಾವ. ಪ್ರಯೋಜನದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ಯಾಂಪಸ್ ಸೆಲೆಕ್ಷನ್ ಎಂದು ತಂದೆ. ನಾಲ್ಕು ವರ್ಷ ಮದುವೆಯ ಮಾತು ಎತ್ತುವುದಿಲ್ಲವೆಂಬುದೇ ಪರಮ ಪ್ರಯೋಜನವೆಂದು ಹುಡುಗಿ.

ದೇಶ, ಹೊನ್ನಾಳಿ ಸೀಮೆಯ ಗೋವಿನಕೋವಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗವನ್ನು ಬಿಟ್ಟು ಈ ಕಡೆ ಬಂದವು. ಅಂದಿನಿಂದ ಇಲ್ಲಿಯವರ ಅರ್ಜಿಗಳು ದಾವಣಗೆರೆಗೂ ಕಾಲುಗಳು ಶಿವಮೊಗ್ಗಕ್ಕೂ ಹೋಗುತ್ತವೆ. ಹಾಗಾಗಿ ಲ್ಯಾಪ್‌ಟಾಪನ್ನು ಯಾವ ಊರಿನಲ್ಲಿ ಕೊಳ್ಳಬೇಕೆಂಬಲ್ಲೇ ಮೊದಲ ಮತಭೇದ. ಗ್ರಂಥಕಾರನಿಗೆ ಎರಡೂ ಊರಲ್ಲಿ ನೆಂಟರಿರುವುದರಿಂದ ಆ ಚರ್ಚೆಯನ್ನು ಇಲ್ಲಿಗೇ ಬಿಡಲಾಗಿದೆ.

ಮಾನದ ವಿಚಾರ ಹಾಗೆ ಬಿಡುವಂಥದ್ದಲ್ಲ. ಜಗತ್ತು ಲ್ಯಾಪ್‌ಟಾಪನ್ನು ಗಿಗಾಬೈಟಿನಲ್ಲಿ ಅಳೆದರೆ ಈ ಸೀಮೆ ಅಳೆಯುವುದು ಕ್ವಿಂಟಾಲಿನಲ್ಲಿ. 55,000 ರೂಪಾಯಿಯ ಯಂತ್ರವೆಂದರೆ ಚನ್ನಗಿರಿಯ ತೋಟದವರಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ರಾಶಿ ಅಡಿಕೆ. ಈಚಿನ ವರ್ಷಗಳ ಧಾರಣೆ 50,000ದ ಆಸುಪಾಸಿನಲ್ಲೇ ಆಡಿದೆ. ನಾಲೆಯ ಕೆಳಗೆ ಭತ್ತ ಬೆಳೆಯುವವರಿಗೆ, 2024–25ರ ಬೆಂಬಲ ಬೆಲೆ 2,300 ರೂಪಾಯಿಯ ಲೆಕ್ಕದಲ್ಲಿ, ಅದೇ ಯಂತ್ರ 24 ಕ್ವಿಂಟಾಲ್. ಜಗಳೂರಿನ ಮೆಕ್ಕೆಜೋಳದವರಿಗೆ 25 ಕ್ವಿಂಟಾಲ್ ಹತ್ತಿರ, ಅದೂ ಮಳೆ ಬಂದರೆ. ಒಂದೇ ಯಂತ್ರ ಮೂರು ತಾಲ್ಲೂಕಿನಲ್ಲಿ ಮೂರು ತೂಕ ತೂಗುತ್ತದೆ ಎಂಬ ಈ ಸತ್ಯವನ್ನು ಯಾವ ಕಂಪನಿಯೂ ತನ್ನ ಡಬ್ಬದ ಮೇಲೆ ಅಚ್ಚು ಹಾಕಿಸಿಲ್ಲ.

ಇನ್ನು ಪ್ರಮಾಣಗಳು. ಚಾರ್ವಾಕರಿಗೆ ಪ್ರಮಾಣ ಒಂದೇ, ಪ್ರತ್ಯಕ್ಷ. ನೈಯಾಯಿಕರಿಗೆ ನಾಲ್ಕು. ಭಾಟ್ಟ ಮೀಮಾಂಸಕರಿಗೆ ಆರು. ಗೋವಿನಕೋವಿಯ ಕಟ್ಟೆಯ ಮೇಲೆ ಆರೂ ಚಲಾವಣೆಯಲ್ಲಿವೆ.

ಪ್ರತ್ಯಕ್ಷವಾದಿಗಳು ಮುಚ್ಚಳದ ಒಳಗಿನ ಅಂಟುಚೀಟಿಯನ್ನು ನೋಡಿ ತೀರ್ಪು ಕೊಡುತ್ತಾರೆ. ಐ7 ಎಂದಿದ್ದರೆ ಉತ್ತಮ, ಐ5 ಮಧ್ಯಮ, ಐ3 ಬಡವರ ಮಕ್ಕಳಿಗೆ. ಹಳೇ ತಲೆಮಾರಿನ ಐ7 ಹೊಸ ಐ5ರ ಮುಂದೆ ಸೋಲಬಹುದು ಎಂದರೆ ಅವರು ನಂಬುವುದಿಲ್ಲ, ಏಳು ಐದಕ್ಕಿಂತ ದೊಡ್ಡದೆಂದು ಒಂದನೇ ಕ್ಲಾಸಿನಲ್ಲೇ ಕಲಿತಿದ್ದಾರೆ. ಹೆಸರಿನ ಕೊನೆಯ ಅಕ್ಷರ ಯು ಆದರೆ ಸಾಮಾನ್ಯವಾಗಿ 15 ವಾಟ್, ಹೆಚ್ ಆದರೆ 45 ವಾಟ್ ಎಂಬುದು ಅವರ ಮತದಲ್ಲಿ ಬರೀ ಪಾಠಾಂತರ. ಆದರೆ ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಅನುಮಾನ ಪ್ರಮಾಣಕ್ಕೆ ಈ ಹೆಚ್ ಅಕ್ಷರವೇ ಆಧಾರ: ತೊಡೆಯ ಮೇಲಿನ ಲುಂಗಿ ಬಿಸಿಯಾಯಿತು, ಆದ್ದರಿಂದ ಗೇಮಿಂಗ್ ಲ್ಯಾಪ್‌ಟಾಪ್.

ಉಪಮಾನಕ್ಕೆ ಹೆಚ್ಚು ಜಾಗ ಬೇಡ. ಹಸುವಿನಂತಿರುವುದು ಗವಯ ಎಂದು ಕೇಳಿಸಿಕೊಂಡು ಕಾಡಿಗೆ ಹೋದವನ ಹಾಗೆ, ‘ಪಕ್ಕದ ಮನೆ ಹುಡುಗ ತಂದಾನಲ್ಲ, ಅಂಥದ್ದೇ ಕೊಡ್ರಿ’ ಎಂದು ಕೇಳಿ ತಂದು ಮೋಸಹೋದವರು ಬಹಳ. ಪಕ್ಕದ ಮನೆಯ ಹುಡುಗ ಓದುತ್ತಿರುವುದು ಸಿವಿಲ್.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಅಂದರೆ ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಸೋದರಮಾವ. ಆತ ಕೆಲಸಕ್ಕೆ ಸೇರಿದಾಗಿನಿಂದ ಕಂಪನಿ ಕೊಟ್ಟ ಯಂತ್ರವನ್ನೇ ಬಳಸಿದವನು, ಕೈಯಿಂದ ಕಾಸು ಬಿಚ್ಚಿ ಒಂದನ್ನೂ ಕೊಂಡಿಲ್ಲ. ಆದ್ದರಿಂದ ಅವನ ವಾಕ್ಯಕ್ಕೆ ಬೆಲೆಯ ದೋಷ ಸೋಕಿಲ್ಲ. ‘32 ಜಿಬಿ ತಗಳ್ರಿ ಭಾವ, ಫ್ಯೂಚರ್ ಪ್ರೂಫ್’ ಎಂದ. ಇದಕ್ಕೆ ಪ್ರತಿಯಾಗಿ ನಿವೃತ್ತ ಇಂಜಿನಿಯರೊಬ್ಬರು, ದಾವಣಗೆರೆಯಲ್ಲಿ 1951ರಲ್ಲಿ ಶುರುವಾದ ಬಿ.ಡಿ.ಟಿ. ಕಾಲೇಜಿನಲ್ಲಿ ಸ್ಲೈಡ್ ರೂಲ್ ಹಿಡಿದು ಪಾಸಾದವರು, ಒಂದು ಜಿಬಿಯೂ ಬೇಡವೆಂಬ ಸಿದ್ಧಾಂತ ಮಂಡಿಸಿದರು. ಎರಡು ಆಪ್ತವಾಕ್ಯಗಳು ಎದುರುಬದುರಾದರೆ ಏನು ಮಾಡಬೇಕು? ಅಂಗಡಿಯವನು ‘ಬಡ್ಡಿ ಇಲ್ದೆ ಕಂತು ಐತೆ’ ಎಂದ. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂಬ ಚಾರ್ವಾಕರ ಮತ ಇಲ್ಲಿ ಮತ್ತೆ ತಲೆ ಎತ್ತುತ್ತದೆ.

ಮುಖ್ಯ ಪ್ರಕರಣ ಸ್ಮೃತಿಯದು. ನೈಯಾಯಿಕರು ಸ್ಮೃತಿಯನ್ನು ಯಥಾರ್ಥಾನುಭವದ ಪಂಕ್ತಿಯಲ್ಲಿ ಕೂರಿಸಲೇ ಇಲ್ಲ. ಅಂಗಡಿಯವರು ಬಿಲ್ ಬರೆಯುವುದೇ ಅದರ ಮೇಲೆ. ‘ಮೆಮೊರಿ ಎಷ್ಟೈತೆ?’ ಎಂದು ತಂದೆ ಕೇಳಿದರೆ ‘512’ ಎಂದು ಉತ್ತರ ಬರುತ್ತದೆ. ಸ್ಮೃತಿ ಎರಡು ವಿಧವೆಂದು ಯಾರೂ ಹೇಳುವುದಿಲ್ಲ. ಕರೆಂಟು ಹೋದೊಡನೆ ಎಲ್ಲವನ್ನೂ ಮರೆಯುವುದು ರ್‍ಯಾಮ್. ಮರೆಯದೆ ಇಟ್ಟುಕೊಳ್ಳುವುದು ಡಿಸ್ಕು. ಡಿಸ್ಕಿನಲ್ಲೂ ಪೂರ್ವಪಕ್ಷವಿದೆ: 1,000 ಜಿಬಿಯ ತಿರುಗುವ ಹಾರ್ಡ್ ಡಿಸ್ಕು ಕಡಿಮೆ ದುಡ್ಡಿಗೆ ಸಿಗುವಾಗ 512ರ ಎಸ್‌ಎಸ್‌ಡಿ ಏಕೆ? ಸಿದ್ಧಾಂತವಿಷ್ಟು. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 100 ಎಂಬಿಯ ಆಸುಪಾಸು ಓದುತ್ತದೆ, ಸಾದಾ ಸಾಟಾ ಎಸ್‌ಎಸ್‌ಡಿ 500ಕ್ಕೂ ಮೇಲೆ, ಎನ್‌ವಿಎಂಇ 3,000ಕ್ಕೂ ಮೇಲೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ ಆಯುಷ್ಯ ಉಳಿಯುತ್ತದೆ. ಎರಡರಿಂದ ಮೂರಕ್ಕೆ ಹೋದರೆ ಪ್ರೋಗ್ರಾಂ ಬರೆಯುವವಳಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಬಸ್ಸಿನ ಕುಲುಕಾಟದಲ್ಲಿ ತಿರುಗುವ ತಟ್ಟೆ ಸುಖವಾಗಿರುವುದಿಲ್ಲ.

ಡಿಸ್ಕು ತುಂಬಿಸುವವರಾರು ಎಂಬುದನ್ನೂ ಶೋಧಿಸಬೇಕಾಗಿದೆ. ಸಿ ಭಾಷೆಯ ಲ್ಯಾಬ್ ಪ್ರೋಗ್ರಾಂ ಒಂದೆರಡು ಕೆಬಿಗೆ ಮುಗಿಯುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಮೊನ್ನೆಮೊನ್ನೆಯತನಕ ನೀಲಿ ಪರದೆಯ ಟರ್ಬೊ ಸಿ ಓಡುತ್ತಿತ್ತು. ಬೋರ್ಲೆಂಡ್ ಕಂಪನಿ ಅದರ ಮೊದಲ ಆವೃತ್ತಿ ಬಿಟ್ಟದ್ದು 1987ರಲ್ಲಿ, ಹುಡುಗಿ ಇರಲಿ, ಹುಡುಗಿಯ ಅಪ್ಪನೇ ಚಡ್ಡಿಯಲ್ಲಿದ್ದ ಕಾಲ. ನಾಲ್ಕು ವರ್ಷದ ಪ್ರೋಗ್ರಾಂಗಳನ್ನೆಲ್ಲ ಗುಡ್ಡೆ ಹಾಕಿದರೂ ಡಿಸ್ಕಿನ ಮೂಲೆ ತುಂಬದು. ಆಂಡ್ರಾಯ್ಡ್ ಸ್ಟುಡಿಯೊ, ಅದರ ಎಮುಲೇಟರ್, ಡಾಕರ್ ಇಂಥವು ಹತ್ತಾರು ಜಿಬಿ ತಿನ್ನುತ್ತವೆ, ನಿಜ. ಉಳಿದದ್ದನ್ನು ಆಕ್ರಮಿಸುವುದು ಚಿಕ್ಕಪ್ಪನ ಮಗನ ಮದುವೆಯ ಡ್ರೋನ್ ವಿಡಿಯೊ. ‘ನಿನ್ನದ್ರಾಗೆ ಜಾಗ ಐತಲ್ಲ’ ಎಂಬ ವಾಕ್ಯಕ್ಕೆ ಯಾವ ಭಾಷ್ಯವೂ ಬೇಕಿಲ್ಲ.

ಇಲ್ಲಿಯೇ ಅರ್ಥಾಪತ್ತಿ ಬರುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಮೀಮಾಂಸಕರು ಎಂದೋ ಕಂಡುಕೊಂಡರು. ಏನೂ ತೆರೆಯದೆ ಸುಮ್ಮನಿಟ್ಟ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಅರ್ಧ ಖರ್ಚಾಗಿದೆ, ಫ್ಯಾನು ಗಿರ್ರೆನ್ನುತ್ತಿದೆ. ದೇವದತ್ತ ಅಪ್‌ಡೇಟ್ ಉಣ್ಣುತ್ತಿದ್ದಾನೆ! ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಸಾಕೆಂದು ಅದನ್ನು ಮಾಡಿದವರೇ ಬರೆದಿದ್ದಾರೆ, ಉಪವಾಸಕ್ಕೆ ಒಂದು ಲೋಟ ನೀರು ಸಾಕೆನ್ನುವ ಅರ್ಥದಲ್ಲಿ. 8ರಲ್ಲಿ ಬ್ರೌಸರ್ ಜೊತೆ ಎಮುಲೇಟರ್ ತೆರೆದರೆ ಹುಡುಗಿ ಎದ್ದುಹೋಗಿ ಟೀ ಕುಡಿದು ಬರಬಹುದು. 16 ಇರಲಿ ಎಂಬುದು ಗ್ರಂಥಕಾರನ ನಿಶ್ಚಿತ ಮತ. ದುಡ್ಡು ಸಾಲದಿದ್ದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ರ್‍ಯಾಮಿನಲ್ಲಿ ಬೇಡ.

‘ಈಗ 8 ಇರ್ಲಿ, ಮುಂದೆ ಹಾಕಿಸಿದ್ರಾತು’ ಎಂಬ ಪಂಥ ಈ ಸೀಮೆಯಲ್ಲಿ ಬಲವಾಗಿದೆ. ಮೇಲಂತಸ್ತಿಗೆಂದು ತಾರಸಿಯಲ್ಲಿ ಕಬ್ಬಿಣದ ಸರಳು ಬಿಟ್ಟು ಮನೆ ಮುಗಿಸುವವರ ಪಂಥವಿದು. ಆದರೆ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಸರಳೇ ಇರುವುದಿಲ್ಲ. ಖಾಲಿ ಸ್ಲಾಟ್ ಉಂಟೇ ಎಂದು ಬಿಲ್ಲಿಗೆ ಮುಂಚೆ ಕೇಳತಕ್ಕದ್ದು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮೆಷಿನ್ ಲರ್ನಿಂಗ್ ಬಾರದೆಂಬ ವಾದವನ್ನು ಸಾಮಾನ್ಯವಾಗಿ ಹೂಡುವವನು ಹುಡುಗಿಯ ತಮ್ಮ, ಒಂಬತ್ತನೇ ಕ್ಲಾಸು. ಕಲಿಯುವ ಮಟ್ಟಕ್ಕೆ ಗೂಗಲ್ ಕೊಲ್ಯಾಬ್ ಅದನ್ನು ಪುಕ್ಕಟೆಯಾಗಿಯೇ ಕೊಡುತ್ತದೆಂದು ಅವನಿಗೆ ತಿಳಿಸಲಾಯಿತು. ವಾದಿ ಊಟ ಬಿಟ್ಟ.

ಕೊನೆಯದು ಅನುಪಲಬ್ಧಿ: ಕಾಣದಿರುವುದರಿಂದ ಹುಟ್ಟುವ ಜ್ಞಾನ. 512 ಎಂದು ತಂದ ಡಿಸ್ಕು ಪರದೆಯಲ್ಲಿ 476 ಎಂದು ತೋರಿಸುತ್ತದೆ. ಉಳಿದ 36 ಎಲ್ಲಿ? ಮಂಡಿಯ ತೂಕ ನೋಡಿದ ತಂದೆಗೆ ಉತ್ತರ ಆಗಲೇ ಗೊತ್ತು. ಇಲ್ಲಿ ಮಾತ್ರ ಯಾರೂ ಕದ್ದಿಲ್ಲ: ಮಾಡಿದವರು ಸಾವಿರಕ್ಕೆ ಸಾವಿರದಂತೆ ಎಣಿಸುತ್ತಾರೆ, ವಿಂಡೋಸ್ 1,024ರಂತೆ ಎಣಿಸುತ್ತದೆ. ತಂದೆ ಒಪ್ಪಿದರು, ಮುಖ ಒಪ್ಪಲಿಲ್ಲ.

ಆರೂ ಪ್ರಮಾಣಗಳು ಮುಗಿದು ಗೇಮಿಂಗ್ ಯಂತ್ರವೊಂದು ಪ್ಯಾಕ್ ಆಗುವ ಹೊತ್ತಿಗೆ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ‘ಅಣ್ಣಾ, ಇದು ಎಷ್ಟು ಕೆಜಿ ಐತೆ?’

2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವಳಿಗೆ ಟಿಕೆಟಿಗೆ ದುಡ್ಡಿಲ್ಲ, ಸೀಟೂ ಇಲ್ಲ. ಕಾಲೇಜಿನತನಕ ನಿಂತೇ ಹೋಗಬೇಕು. ಅಂಗಡಿಯವನು ಪರದೆಯಲ್ಲಿ ಹುಡುಕತೊಡಗಿದ. ಫೋನಿನೊಳಗಿಂದ ಸೋದರಮಾವ ‘ಲ್ಯಾಪ್‌ಟಾಪನ್ನ ಯಾರಾದ್ರೂ ಕೆಜಿ ಲೆಕ್ಕದಾಗೆ ಕೇಳ್ತಾರೇನೇ’ ಎಂದು ನಕ್ಕ. ತಂದೆ ಡಬ್ಬದಿಂದ ಯಂತ್ರವನ್ನು ಈಚೆ ತೆಗೆದು ಒಂದು ಕೈಯಲ್ಲಿ ಹಿಡಿದರು, ಅದರ ಇಟ್ಟಿಗೆಯಂಥ ಚಾರ್ಜರನ್ನು ಇನ್ನೊಂದರಲ್ಲಿ ಹಿಡಿದರು.

‘ಎರಡೂವರೆ ಇದು. ಇದು ಅರ್ಧದ ಮೇಲೈತೆ. ಸಣ್ಣದು ತೋರ್ಸು ತಮ್ಮಾ.’