ಮೂರು ಕಡ್ಡಿಯ ಲೆಕ್ಕ

ಹೂವಿನ ತರಗತಿಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಹೂವೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಕತ್ತರಿ, ಒರೆಸುವ ಬಟ್ಟೆ, ನೋಟ್‌ಬುಕ್ಕು, ಪೆನ್ಸಿಲ್ಲು, ಉದ್ದನೆಯದೊಂದು ಚೀಲ. ಹೂವನ್ನು ಅಂಗಡಿಯವರು ಒಬ್ಬೊಬ್ಬರ ಪಾಲನ್ನೂ ಬೇರೆಬೇರೆ ಸುತ್ತಿ ತರಗತಿಗೇ ತಂದಿಟ್ಟಿರುತ್ತಾರಂತೆ. ಬೆಳಗಿನ ಜಾವ ಪಕ್ಕದ ಮನೆಯ ಕಾಂಪೌಂಡಿನಿಂದಾಚೆ ಬಾಗಿದ ದಾಸವಾಳಕ್ಕೆ ಕೈಚಾಚಿ ಬೆಳೆದ ನನಗೆ ಟೋಕಿಯೊದ ಈ ಏರ್ಪಾಡು ಸ್ವಲ್ಪ ಸಪ್ಪೆಯೆನಿಸಿತು.

ಮೊದಲು ಕತ್ತರಿ. ಇಕೆಬಾನ ಎಂಬ ಈ ಜಪಾನಿ ಹೂಜೋಡಣೆಯ ಕತ್ತರಿಗಳಲ್ಲೂ ಮತಭೇದವುಂಟು. ಒಂದರ ಹಿಡಿಗಳು ಎಳೆ ಜರಿಗಿಡದ ಹಾಗೆ ಸುರುಳಿ ಸುತ್ತಿಕೊಂಡಿರುತ್ತವೆ. ಇನ್ನೊಂದರಲ್ಲಿ ಬೆರಳು ತೂರಿಸಲು ದೊಡ್ಡ ಬಳೆಗಳಿವೆ. ಯಾವ ಸಂಪ್ರದಾಯದಲ್ಲಿ ಕಲಿಯುತ್ತೀರಿ ಎಂದು ಅಂಗಡಿಯಾಕೆ ಕೇಳಿದಾಗ, ಮದುವೆಮನೆಯಲ್ಲಿ ಗೋತ್ರ ಕೇಳಿದಂತಾಯಿತು. 'ಸೊಗೆತ್ಸು' ಎಂದೆ. ಸೊಫು ತೆಶಿಗಾಹಾರ 1927ರಲ್ಲಿ ಹುಟ್ಟುಹಾಕಿದ ಪಂಥ ಅದು. ಅವರ ಮಗ ಹಿರೋಶಿ ಚಿತ್ರ ನಿರ್ದೇಶಕ. 1964ರಲ್ಲಿ ಆತ ತೆಗೆದ, ಜಗತ್ತೆಲ್ಲ ಮೆಚ್ಚಿದ ಚಿತ್ರದ ತುಂಬ ಬರೀ ಮರಳು. ಅಂಥವನೇ 1980ರಲ್ಲಿ ಹೂವಿನ ಪಂಥಕ್ಕೆ ಯಜಮಾನನಾದ!

ಮನೆಯಲ್ಲಿ ಅಭ್ಯಾಸಕ್ಕೆಂದು ಕೆನ್‌ಜಾನ್ ಕೂಡ ಕೊಂಡೆ. ಸೀಸದ ಬಿಲ್ಲೆಯ ಮೇಲೆ ಒತ್ತೊತ್ತಾಗಿ ಹಿತ್ತಾಳೆಯ ಮುಳ್ಳುಗಳು. ನೋಡಲು ಅಂಗೈಯಗಲ, ಎತ್ತಿದರೆ ಮಣಿಕಟ್ಟು ಜಗ್ಗುತ್ತದೆ. ನೀರು ತುಂಬಿದ ಅಗಲ ಬಟ್ಟಲಿನಲ್ಲಿ ಇದನ್ನಿಟ್ಟು ಕಡ್ಡಿ ಚುಚ್ಚಬೇಕು. ಚುಚ್ಚುವ ಮೊದಲು ಕಡ್ಡಿಯ ತುದಿಯನ್ನು ನೀರಿನೊಳಗೇ ಕತ್ತರಿಸಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಸೇರಿ ಹೂವು ನೀರೆಳೆಯುವುದಿಲ್ಲ.

ಆಮೇಲೆ ಗಣಿತ. ಬಟ್ಟಲಿನ ಅಗಲಕ್ಕೆ ಆಳವನ್ನು ಕೂಡಿಸಿ ಒಂದೂವರೆಯಿಂದ ಗುಣಿಸಿದರೆ ಮೊದಲ ಕೊಂಬೆ 'ಶಿನ್'ನ ಉದ್ದ. ನನ್ನ ಬಟ್ಟಲು 28 ಸೆಂಟಿಮೀಟರ್ ಅಗಲ, 6 ಆಳ. ಶಿನ್ 51 ಆಯಿತು. ಅದರ ಮುಕ್ಕಾಲು 'ಸೊಯೆ', ಸೊಯೆಯ ಮುಕ್ಕಾಲು 'ಹಿಕಾಯೆ'. ಲಂಬದಿಂದ ಇವು ಕ್ರಮವಾಗಿ 15, 45, 75 ಡಿಗ್ರಿ ಬಾಗಿರಬೇಕು. ಅಭ್ಯಾಸಕ್ಕೆ ಹೂವೆಲ್ಲಿ? ಇಲ್ಲಿನ ಉದ್ದನೆಯ ಈರುಳ್ಳಿ 'ನೇಗಿ' ಫ್ರಿಜ್ಜಿನಲ್ಲಿತ್ತು. ಸ್ಕೂಲಿನ ಕೋನಮಾಪಕ ಹಿಡಿದು ಅದನ್ನೇ ನಿಲ್ಲಿಸಿದೆ. ಸಂಜೆ ಶಿನ್ ಸಾರಿಗೆ ಹೋಯಿತು, ಸೊಯೆ ಪಲ್ಯಕ್ಕೆ. ಯಜಮಾನರು ಎರಡನ್ನೂ ಹೊಗಳಿದರು.

ಊರಿನಿಂದ ಅಮ್ಮನ ಫೋನು. ಎಲ್ಲವನ್ನೂ ವಿವರಿಸಿದೆ.

"ದೇವರಿಗೇನೇ?"

"ಅಲ್ಲಮ್ಮ."

"ಮುಡಿಯೋಕಾ?"

"ಅದೂ ಅಲ್ಲ. ನೋಡೋಕೆ."

"ಮೂರು ಕಡ್ಡಿ ನೋಡೋಕೆ ದುಡ್ಡು ಕೊಟ್ಟು ಕಲೀಬೇಕಾ? ಮೊಳ ಮಲ್ಲಿಗೆ ಕಟ್ಟೋಕೆ ಬರಲಿಲ್ಲ ನಿಂಗೆ."

ದೇವರ ವಿಷಯದಲ್ಲಿ ಅಮ್ಮ ಪೂರ್ತಿ ದಾರಿ ತಪ್ಪಿರಲಿಲ್ಲ. ಈ ಕಲೆ ಬೆಳೆದದ್ದೇ ಬುದ್ಧನ ಮುಂದಿಡುವ ಹೂವಿನಿಂದ. ಕ್ಯೋಟೊದ ರೊಕ್ಕಾಕುದೊ ದೇವಾಲಯದ ಸನ್ಯಾಸಿ ಇಕೆನೊಬೊ ಸೆಂಕೆಯ್ ಜೋಡಿಸಿದ ಹೂವು ನೋಡಲು ಊರವರು ಮುಗಿಬಿದ್ದರೆಂದು 1462ರ ದಿನಚರಿಯೊಂದರಲ್ಲಿದೆ. ಬಹುಕಾಲ ಇದು ಸನ್ಯಾಸಿಗಳ, ಸಮುರಾಯ್‌ಗಳ, ಒಟ್ಟಾರೆ ಗಂಡಸರ ವಿದ್ಯೆಯಾಗಿತ್ತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೇಳಿಕೊಡಲು ಶುರುಮಾಡಿದ್ದು ಮೇಯ್ಜಿ ಚಕ್ರವರ್ತಿಯ ಕಾಲದಲ್ಲಿ. ಮದುವೆಗೆ ಮುಂಚೆ ಕಲಿತಿರಬೇಕಾದ ವಿದ್ಯೆಗಳ ಸಾಲಿಗೆ ಚಹಾದ ಜೊತೆ ಹೂವೂ ಬಂದು ಕೂತದ್ದು ಆಮೇಲೆ. ನನ್ನ ಮದುವೆಯಂತೂ ಆಗಿಹೋಗಿದೆ, ಆ ಭಯವಿಲ್ಲ.

ಪಟ್ಟಿಯಲ್ಲಿ ನನಗೆ ತೀರಾ ಹಿಡಿಸಿದ್ದು ಪೆನ್ಸಿಲ್ಲು. ಜೋಡಿಸಿದ್ದನ್ನು ಗುರುಗಳು ತಿದ್ದಿದ ಮೇಲೆ ಅದರ ಚಿತ್ರ ಬರೆದುಕೊಳ್ಳಬೇಕು. ಬಳಿಕ ಎಲ್ಲವನ್ನೂ ಕಿತ್ತು, ಕಾಗದದಲ್ಲಿ ಸುತ್ತಿ, ರೈಲಿನಲ್ಲಿ ಮನೆಗೆ ತಂದು, ಚಿತ್ರ ನೋಡುತ್ತ ಮತ್ತೆ ನಿಲ್ಲಿಸಬೇಕು. ಗುರುಗಳ ಕೈ ಜೊತೆಗೆ ಬರುವುದಿಲ್ಲವಾದ್ದರಿಂದ ನಿಜವಾದ ಪಾಠ ಮನೆಯಲ್ಲೇ ಇರಬೇಕು.

ನೀವೂ ಕಲಿಯಲು ಹೊರಡುವುದಾದರೆ ಕತ್ತರಿಗೆ ಮಾತ್ರ ಜಿಪುಣತನ ಮಾಡಬೇಡಿ. ಬಟ್ಟಲು ಅಡುಗೆಮನೆಯಲ್ಲೇ ಸಿಗುತ್ತದೆ.