ಎಂಟು ಕಿಲೋಮೀಟರ್ ಆಚೆಗಿನ ಹಸಿವು: ಟಿ.ಎ. ಬಿಲ್ ಜತೆ ಒಂದು ಕಾಲ್ಪನಿಕ ಸಂದರ್ಶನ

ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಚೇರಿ. ಯಾವ ತಾಲ್ಲೂಕು, ಯಾವ ಇಲಾಖೆ ಎಂದು ಕೇಳಬೇಡಿ. ಬೀರುವಿನ ತುಕ್ಕು ಎಲ್ಲ ಕಡೆಯೂ ಒಂದೇ ಬಣ್ಣದ್ದು. ಆ ಬೀರುವಿನ ಕೆಳಗಿನ ಅರೆಯಲ್ಲಿ, ‘ಆಕ್ಷೇಪಣೆ’ ಎಂದು ಚೀಟಿ ಅಂಟಿಸಿದ ಕಡತದೊಳಗೆ, ಶ್ರೀಮಾನ್ ಟಿ.ಎ. ಬಿಲ್ ಅವರು ಕೆಂಪು ದಾರಕ್ಕೆ ಕೊರಳೊಡ್ಡಿ ಮಲಗಿದ್ದರು. ವಿಷಯ ನಿರ್ವಾಹಕರು ‘ಈಗ ಬಂದೆ’ ಎಂದು ಹೊರಗೆ ಹೋಗಿದ್ದರಿಂದ ದೀರ್ಘ ಸಂದರ್ಶನಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು.

ನಾವು: ನಮಸ್ಕಾರ. ಎಷ್ಟು ಕಾಲದಿಂದ ಇಲ್ಲಿದ್ದೀರಿ?

ಬಿಲ್: ಯಾವ ಆಕ್ಷೇಪಣೆಯಿಂದ ಲೆಕ್ಕ ಹಾಕಲಿ ಸಾರ್? ಮೊದಲನೇದು, ‘ಹೊರಟ ಸಮಯ ನಮೂದಿಸಿಲ್ಲ’. ಎರಡನೇದು, ‘ನಮೂದಿಸಿದ ಸಮಯ ತಿದ್ದಿದೆ’. ಮೂರನೇದು, ‘ತಿದ್ದಿದ್ದಕ್ಕೆ ದೃಢೀಕರಣ ಇಲ್ಲ’. ನನ್ನನ್ನು ಬರೆದ ಪುಣ್ಯಾತ್ಮ ಅರಕಲಗೂಡಿನಿಂದ ಹಾಸನಕ್ಕೆ ಒಂದೇ ಸಲ ಮೀಟಿಂಗಿಗೆ ಹೋಗಿ ಬಂದ. ಆ ಮೀಟಿಂಗಿಗಾಗಿ ನಾನು ಅವನಿಗಿಂತ ಹೆಚ್ಚು ಸಲ ಓಡಾಡಿದ್ದೀನಿ. ನನ್ನ ಓಡಾಟಕ್ಕೆ ಟಿ.ಎ. ಕೊಡೋರು ಯಾರು?

ನಾವು: ನಿಮ್ಮ ಮನೆತನದ ಪರಿಚಯ ಹೇಳಿ.

ಬಿಲ್: ಪೂರ್ಣ ಹೆಸರು ಪ್ರಯಾಣ ಭತ್ಯೆ ಬಿಲ್. ಒಡಹುಟ್ಟಿದವಳು ದಿನಭತ್ಯೆ; ಊಟ, ತಿಂಡಿ ಅವಳ ಖಾತೆ. ಮನೆತನ ಕರ್ನಾಟಕ ಸಿವಿಲ್ ಸೇವಾ ನಿಯಮಗಳು, 1958. ಮೈತುಂಬಾ ಕಾಲಂ: ಹೊರಟ ಊರು, ಗಂಟೆ, ತಲುಪಿದ ಊರು, ಗಂಟೆ, ವಾಹನ, ದರ್ಜೆ, ಕಿಲೋಮೀಟರ್, ಉದ್ದೇಶ. ರೈಲಿನ ದರ್ಜೆ ಕೇಳೋ ಕಾಲಮ್ಮನ್ನು ಹೊಳೆನರಸೀಪುರದೋರು ತುಂಬಬಹುದು, ಮೈಸೂರು ಲೈನ್ ಇದೆ. ಚನ್ನರಾಯಪಟ್ಟಣದೋರಿಗೆ ಬೆಂಗಳೂರು ಲೈನ್ ಇದೆ. ಅರಕಲಗೂಡಿಗೆ ರೈಲೇ ಇಲ್ಲ. ಅವರು ಅಲ್ಲಿ ಗೆರೆ ಎಳೀತಾರೆ. ಗೆರೆ ಎಳೆದಿದ್ದಕ್ಕೂ ಒಂದು ಸಲ ವಿವರಣೆ ಕೇಳಿದ್ದರು.

ನಾವು: ಊಟದ ಭತ್ಯೆ ಯಾರಿಗೆ ಸಿಗುತ್ತದೆ?

ಬಿಲ್: ಹಸಿದವರಿಗೆ ಅಂದ್ಕೊಂಡ್ರಾ? ದೂರ ಹೋದವರಿಗೆ. ಕೇಂದ್ರಸ್ಥಾನದಿಂದ 8 ಕಿಲೋಮೀಟರ್ ಆಚೆಗೆ ಕಾಲಿಟ್ಟರೆ ದಿನಭತ್ಯೆ. ಒಳಗಿದ್ದರೆ ಇಲ್ಲ. ನಿಯಮದ ಪ್ರಕಾರ ನೌಕರನಿಗೆ ಹೊಟ್ಟೆ ಹುಟ್ಟೋದೇ ಒಂಬತ್ತನೇ ಕಿಲೋಮೀಟರ್ ಕಲ್ಲಿನ ಹತ್ತಿರ. ಅದಾದಮೇಲೆ ಎಷ್ಟು ಗಂಟೆ ಹೊರಗಿದ್ದ ಅನ್ನೋದು ನೋಡಿ ಅರ್ಧ ಹಸಿವೋ, ಪೂರ್ತಿ ಹಸಿವೋ ಅಂತ ತೀರ್ಮಾನ.

ನಾವು: ದೂರಕ್ಕೆ ಒಂದು ಗೆರೆ ಎಳೆಯಲೇಬೇಕಲ್ಲವೇ? ಇಲ್ಲದಿದ್ದರೆ ಎಲ್ಲರೂ ಎದುರು ಹೋಟೆಲಿನ ಬಿಲ್ ತರುತ್ತಾರೆ.

ಬಿಲ್: ಗೆರೆ ಬೇಕು, ಒಪ್ಪಿದೆ. ಆದರೆ ಗೆರೆ ಯಾರನ್ನು ಹೊರಗೆ ನಿಲ್ಲಿಸುತ್ತೆ ನೋಡಿ. ಕತ್ತಲೆ ಇರುವಾಗಲೇ ಎದ್ದು ಪೊರಕೆ ಹಿಡಿಯೋ ಪೌರಕಾರ್ಮಿಕರ ಇಡೀ ದಿನ ಆ 8 ಕಿಲೋಮೀಟರ್ ಒಳಗೇ ಮುಗಿಯುತ್ತೆ. ಊರಿನ ಎಲ್ಲ ಬೀದಿ ತುಳಿದರೂ ನನ್ನ ಲೆಕ್ಕದಲ್ಲಿ ಅವರು ಪ್ರಯಾಣ ಮಾಡೇ ಇಲ್ಲ. ಅವರ ಬೆಳಗಿನ ಉಪಾಹಾರಕ್ಕೆ ಬೇರೆ ಆದೇಶ, ಬೇರೆ ಟೆಂಡರ್, ಬೇರೆ ಜಗಳ. ಅದೇ ಊರಿನ ಸಭಾಂಗಣದಲ್ಲಿ ‘ಸಭಾ ವೆಚ್ಚ’ ಅನ್ನೋ ನನ್ನ ದೊಡ್ಡಪ್ಪನ ಮಗ ಇದ್ದಾನೆ. ಅವನಿಗೆ 8 ಕಿಲೋಮೀಟರ್ ಗೊಡವೆಯಿಲ್ಲ. ಮೇಜಿನ ಆ ಕಡೆಯಿಂದ ಈ ಕಡೆಗೆ ಗೋಡಂಬಿ ತಟ್ಟೆ ಬಂದರೆ ಸಾಕು, ಪಾಸ್.

ನಾವು: ಗೋಡಂಬಿ ಅಷ್ಟು ಅಪರಾಧವೇ?

ಬಿಲ್: ಗೋಡಂಬಿ ಮೇಲೆ ನನಗೆ ದ್ವೇಷ ಇಲ್ಲ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಅಂತ 2017ರಲ್ಲಿ ಶುರು ಮಾಡಿದ್ದು ಸರ್ಕಾರವೇ ತಾನೇ? ಜನರಿಗೆ ಅದು ಒಳ್ಳೇ ಊಟ ಅಂತ ಹೇಳಿದವರು, ತಮ್ಮ ಪರಿಶೀಲನಾ ಸಭೆಗೂ ಅಲ್ಲಿಂದಲೇ ತರಿಸಲಿ. ಊಟದ ಗುಣಮಟ್ಟದ ಪರಿಶೀಲನೆ ಅಲ್ಲೇ ಮುಗಿದುಹೋಗುತ್ತೆ.

ನಾವು: ಪಂಚಾಯಿತಿ ಸದಸ್ಯರ ವಿಚಾರಕ್ಕೆ ಬರೋಣ. ಅವರಿಗೆ ಏನು ಸಿಗುತ್ತದೆ?

ಬಿಲ್: 2023ರಲ್ಲಿ ಗೌರವಧನ ಏರಿಸಿದರು. ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ತಿಂಗಳಿಗೆ 6,000, ಉಪಾಧ್ಯಕ್ಷರಿಗೆ 4,000, ಸದಸ್ಯರಿಗೆ 2,000. ಸದಸ್ಯರಿಗೆ ಅದಕ್ಕೆ ಮೊದಲು 1,000 ಇತ್ತು. ಹಿರೀಸಾವೆ ಕಡೆಯೋರು ಚನ್ನರಾಯಪಟ್ಟಣಕ್ಕೆ, ಹಳ್ಳಿಮೈಸೂರು ಕಡೆಯೋರು ಹೊಳೆನರಸೀಪುರಕ್ಕೆ, ರಾಮನಾಥಪುರ ಕಡೆಯೋರು ಅರಕಲಗೂಡಿಗೆ, ಆಮೇಲೆ ಎಲ್ಲರೂ ಹಾಸನಕ್ಕೆ. ಪೈಪು ಒಡೆದರೆ ಒಂದು ಸಲ, ಮನೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಇನ್ನೊಂದು ಸಲ. ಜತೆಗೆ ಬಂದ ಮೂರು ಜನ ಮತದಾರರಿಗೆ ಕಾಫಿ, ಇಡ್ಲಿ. ಗೆದ್ದವರು ಕಾಫಿ ಕೊಡಿಸಲಿಲ್ಲ ಅಂದರೆ ಮುಂದಿನ ಸಲ ಊರಿನಲ್ಲಿ ಓಟು ಕೇಳೋ ಹಾಗಿದೆಯಾ? ಆ ಕಾಫಿಗೆ ನನ್ನ ಮೈಮೇಲೆ ಕಾಲಂ ಇಲ್ಲ.

ನಾವು: ಸೇವೆ ಮಾಡಲು ಬಂದವರಿಗೆ ಭತ್ಯೆ ಯಾಕೆ ಎನ್ನುವವರೂ ಇದ್ದಾರೆ.

ಬಿಲ್: ಹಾಗಂದವರ ಮನೆ ಮುಂದೆ ಕಾರು ನಿಂತಿರುತ್ತೆ, ಗಮನಿಸಿ. ಭತ್ಯೆ ಇಲ್ಲ ಅಂದರೆ ಸದಸ್ಯನಾಗೋದು ಸ್ವಂತ ಕಾರು ಇರೋನು ಮಾತ್ರ. ಕೂಲಿ ಬಿಟ್ಟು ಬರೋ ಹೆಂಗಸು ಬರಲ್ಲ. ಬ್ರಿಟನ್ನಿನಲ್ಲಿ ಸಂಸದರಿಗೆ ಸಂಬಳ ಅಂತ ಕೊಡೋಕೆ ಶುರು ಮಾಡಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್. ಅಲ್ಲೀವರೆಗೆ ಜಮೀನುದಾರರು, ವಕೀಲರು ಆರಾಮಾಗಿದ್ದರು, ಕಾರ್ಮಿಕ ಮುಖಂಡರು ಪರದಾಡ್ತಿದ್ದರು. ಅಷ್ಟು ದೂರ ಯಾಕೆ? ಹರದನಹಳ್ಳಿಯ ರೈತರ ಮಗ ಹೊಳೆನರಸೀಪುರ ತಾಲ್ಲೂಕು ಬೋರ್ಡಿನಿಂದ ಹೊರಟು 1996ರಲ್ಲಿ ಪ್ರಧಾನಿ ಕುರ್ಚಿ ತಲುಪಿದರು. ಕೆಳಗಿನ ಮೆಟ್ಟಿಲು ಬಡವರಿಗೆ ಎಟುಕದ ಎತ್ತರದಲ್ಲಿದ್ದರೆ ಮೇಲಿನದರ ಮಾತು ಆಮೇಲೆ.

ನಾವು: ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರ ಬಿಲ್‌ಗಳು ಹೇಗಿವೆ?

ಬಿಲ್: ಬಹಳ ಶುದ್ಧ. ಒಂದು ಪೈಸೆ ಆಕ್ಷೇಪಣೆ ಇಲ್ಲ. ಯಾಕೆಂದರೆ ಸದಸ್ಯರೇ ಇಲ್ಲ! 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೀಲಿಲ್ಲ, ಆಡಳಿತಾಧಿಕಾರಿಗಳು ಕೂತರು. ಜನಪ್ರತಿನಿಧಿಗಳ ಖರ್ಚು ಉಳಿಸೋಕೆ ಇದಕ್ಕಿಂತ ಉತ್ತಮ ಉಪಾಯವನ್ನು ಯಾವ ಲೆಕ್ಕಪರಿಶೋಧಕನೂ ಸೂಚಿಸಿಲ್ಲ.

ನಾವು: ಮೇಲಿನವರ ಭತ್ಯೆ ಹೇಗೆ ಏರುತ್ತದೆ?

ಬಿಲ್: ಬೇಗ. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಕಾಗದ ಹರಿದು ಎಸೆದರು, ಘೋಷಣೆ ಕೂಗಿದರು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ 1,50,000ಕ್ಕೆ ಏರಿಸೋ ಮಸೂದೆ ಪಾಸ್. ಯಾರೂ ‘ಹೊರಟ ಸಮಯ ನಮೂದಿಸಿಲ್ಲ’ ಅಂತ ಆಕ್ಷೇಪ ಎತ್ತಲಿಲ್ಲ. ಅದೇ ವರ್ಷ ಜನವರಿ 5ರಿಂದ ಬಸ್ ದರ ಶೇ 15 ಏರಿತ್ತು. ನಾನು ಬೀರುವಿನೊಳಗೆ ಹಳೇ ದರದಲ್ಲೇ ಮಲಗಿದ್ದೆ.

ನಾವು: ಮಹಿಳಾ ಸದಸ್ಯರಿಗೆ ‘ಶಕ್ತಿ’ ಯೋಜನೆ ಇದೆಯಲ್ಲ? ಬಸ್ ಖರ್ಚೇ ಇಲ್ಲ.

ಬಿಲ್: 2023ರ ಜೂನ್ 11ರಿಂದ ಅವರ ಕೈಗೆ ಶೂನ್ಯ ಟಿಕೆಟ್. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರದ್ದು, ಹಾಗಾಗಿ ಅರ್ಧ ಬಿಲ್‌ಗಳಿಗೆ ಅಂಟಿಸಬಹುದಾದ ದಾಖಲೆ ಸೊನ್ನೆ. ಹಾಸನದ ಬಸ್ ನಿಲ್ದಾಣದಿಂದ ಕಚೇರಿಗೆ ಆಟೊ ಹಿಡಿದರೆ ರಸೀದಿ ಇಲ್ಲ. ಸಭೆ ಮುಗಿಯೋದು ತಡವಾಗಿ ಕೊನೇ ಬಸ್ ತಪ್ಪಿದರೆ ಊರಿಗೆ ಬಾಡಿಗೆ ಗಾಡಿ, ಅದಕ್ಕೂ ರಸೀದಿ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಮಾತ್ರ ಅಚ್ಚುಕಟ್ಟಾದ ಟಿಕೆಟ್ ಇದೆ.

ನಾವು: ನೇರವಾಗಿ ಕೇಳುತ್ತೇವೆ. ನಿಮ್ಮಲ್ಲಿ ಸುಳ್ಳಿಲ್ಲವೇ?

ಬಿಲ್: ಇದೆ. ಅದು ನನ್ನಲ್ಲಿ ಹೇಗೆ ಹುಟ್ಟುತ್ತೆ ಅಂತ ಹೇಳ್ತೀನಿ, ಬರ್ಕೊಳ್ಳಿ. ನಿಜವಾಗಿ ಆದ ಖರ್ಚಿಗೆ ಕಾಲಂ ಇಲ್ಲ. ಇರೋ ಕಾಲಂಗಳಲ್ಲಿ ಖರ್ಚು ಆಗಿಲ್ಲ. ಆಗ ಆಟೊ ದುಡ್ಡು ಕಿಲೋಮೀಟರ್ ಆಗುತ್ತೆ, ಕಾಫಿ ದುಡ್ಡು ಗಂಟೆ ಆಗುತ್ತೆ. ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದವನು ನನ್ನ ಮೇಲೆ ರಾತ್ರಿ ಒಂಬತ್ತಕ್ಕೆ ಬರ್ತಾನೆ. ಒಂದು ಸಲ ಸಣ್ಣ ಸುಳ್ಳು ಕಲಿತವನಿಗೆ ಹೋಗದ ಊರಿಗೂ ಹೋಗೋ ವಿದ್ಯೆ ಬರುತ್ತೆ. ಬೆಳಿಗ್ಗೆ ಕಚೇರಿ ಹಾಜರಿ ಪುಸ್ತಕದಲ್ಲಿ ಸಹಿ, ಅದೇ ಹೊತ್ತಿಗೆ ನನ್ನ ಮೇಲೆ ಪ್ರವಾಸ. ಸುಳ್ಳು ಬರೆಯದೆ ಇದ್ದವನು ಕೈಯಿಂದ ಕಳ್ಕೊಳ್ತಾನೆ, ಪಕ್ಕದ ಮೇಜಿನವನು ನಗ್ತಾನೆ. ಪ್ರಾಮಾಣಿಕನಿಗೆ ಮಾತ್ರ ನಷ್ಟ ಮಾಡೋ ನಿಯಮವನ್ನು ಕಟ್ಟುನಿಟ್ಟು ಅಂತ ಹೊಗಳಬೇಡಿ.

ನಾವು: ಅಧ್ಯಯನ ಪ್ರವಾಸಗಳ ಬಗ್ಗೆ?

ಬಿಲ್: ಅವು ಬೇರೆ ಜಾತಿ. ಕಸ ವಿಲೇವಾರಿ ಕಲಿಯೋಕೆ ಹಿಮ ಬೀಳೋ ಊರಿಗೇ ಹೋಗಬೇಕಂತೆ. ಅಧ್ಯಯನದ ವರದಿ ಕೇಳಿದರೆ ಫೋಟೊ ಕೊಡ್ತಾರೆ. ಅಧ್ಯಕ್ಷರ ಚುನಾವಣೆಗೆ ಮುಂಚೆ ಸದಸ್ಯರನ್ನು ರೆಸಾರ್ಟಿಗೆ ಕರ್ಕೊಂಡು ಹೋಗೋ ಪದ್ಧತಿ ಇದೆಯಲ್ಲ, ಅದು ಮಾತ್ರ ನನ್ನ ಹತ್ತಿರ ಬರಲ್ಲ. ರಾಜ್ಯದಲ್ಲಿ ಆಕ್ಷೇಪಣೆಯಿಲ್ಲದೆ, ವಿಳಂಬವಿಲ್ಲದೆ, ಊಟ-ವಸತಿ ಸಮೇತ ನಡೆಯೋ ಏಕೈಕ ಪ್ರವಾಸ ಅದು. ಅದಕ್ಕೆ ಬಿಲ್ಲೇ ಇಲ್ಲ.

ನಾವು: ನೀವು ಪಾಸಾಗುವುದು ಯಾವಾಗ?

ಬಿಲ್: ಹಾಸನಾಂಬೆ ಗುಡಿ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತೆ. ಅನುದಾನದ ಬಾಗಿಲೂ ಹಾಗೇ, ಮಾರ್ಚ್ ಕೊನೇ ವಾರ. ಇಲ್ಲೂ ಧರ್ಮದರ್ಶನದ ಸಾಲು ಬೇರೆ, ವಿಶೇಷ ದರ್ಶನದ ಸಾಲು ಬೇರೆ. ಸಾಹೇಬರ ಬಿಲ್‌ಗಳು ಎರಡನೇ ಸಾಲಿನಲ್ಲಿ ಬರ್ತವೆ. ನಾನು ಮೊದಲನೇದರಲ್ಲಿ ನಿಂತಿದ್ದೀನಿ, ಬಾಗಿಲು ಹಾಕೋ ಹೊತ್ತಾಯ್ತು.

ನಾವು: ಹಾಗಾದರೆ ನ್ಯಾಯ ಯಾವುದು? ಒಂದು ಸೂತ್ರ ಹೇಳಿ.

ಬಿಲ್: ಲಂಡನ್ನಿನ ನನ್ನ ದಾಯಾದಿಗಳ ಕಥೆ ಹೇಳ್ತೀನಿ. 2009ರಲ್ಲಿ ಅಲ್ಲಿನ ಸಂಸದರ ಬಿಲ್‌ಗಳೆಲ್ಲ ಪತ್ರಿಕೆಯಲ್ಲಿ ಬಂದವು. ಒಬ್ಬರು ಕೊಳದ ಬಾತುಕೋಳಿಗಳಿಗೆ ತೇಲುವ ಮನೆ ಅಂತ 1,645 ಪೌಂಡ್ ಕೇಳಿದ್ದರು. ಆ ದುಡ್ಡು ಸಿಗಲಿಲ್ಲ, ಮಾನ ಹೋಯ್ತು. ಸ್ಪೀಕರ್ ರಾಜೀನಾಮೆ ಕೊಟ್ಟರು, ಕೆಲವರು ಜೈಲು ಕಂಡರು. ಕೊನೆಗೆ ಅವರು ಮಾಡಿದ್ದು ಸರಳ ಕೆಲಸ: ಸಂಸದರ ಖರ್ಚನ್ನು ಸಂಸದರು ತೀರ್ಮಾನಿಸೋದು ಬೇಡ ಅಂತ ಸ್ವತಂತ್ರ ಪ್ರಾಧಿಕಾರ ಮಾಡಿ, ಬಿಲ್‌ಗಳನ್ನು ಸಾರ್ವಜನಿಕರ ಮುಂದಿಟ್ಟರು. ನಮಗೂ ಅಷ್ಟೇ ಸಾಕು. ತಿನ್ನೋನು ತನ್ನ ಎಲೆಗೆ ತಾನೇ ಬಡಿಸ್ಕೊಳ್ಳೋದು ಬೇಡ. ನಿಜವಾಗಿ ಆದ ಖರ್ಚಿಗೆ, ಆಟೊ ಸೇರಿ, ಕಾಲಂ ಇರಲಿ. ಬಸ್ ದರ ಏರಿದ ದಿನವೇ ಭತ್ಯೆಯೂ ಏರಲಿ. ಸಾಹೇಬರ ಜೀಪಿನ ಲಾಗ್ ಬುಕ್ಕನ್ನೂ ಅಟೆಂಡರನ ಬಸ್ ಟಿಕೆಟ್ಟನ್ನೂ ಒಂದೇ ಬೋರ್ಡಿಗೆ ಅಂಟಿಸಲಿ.

ನಾವು: ಯಾರು ಅಂಟಿಸುತ್ತಾರೆ?

ಬಿಲ್: ತಾವಾಗಿ ಯಾರೂ ಅಂಟಿಸಲ್ಲ, ಕೇಳಿದರೆ ಅಂಟಿಸ್ತಾರೆ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದೆ. ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಮ್ಮ ಬಜೆಟ್ಟು, ವೆಚ್ಚ ಪ್ರಕಟಿಸಬೇಕು ಅಂತ ಅದರ 4ನೇ ಕಲಂ ಹೇಳುತ್ತೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತೆ, ಲೆಕ್ಕವನ್ನು ಊರವರ ಮುಂದೆ ಓದಬೇಕು. ಜನ ಅಲ್ಲಿ ಚರಂಡಿ ಲೆಕ್ಕ ಕೇಳ್ತಾರೆ, ಬೀದಿದೀಪದ ಲೆಕ್ಕ ಕೇಳ್ತಾರೆ, ನನ್ನನ್ನು ಯಾರೂ ಕೇಳಲ್ಲ.

ನಾವು: ಓದುಗರಿಗೆ ನಿಮ್ಮ ಸಂದೇಶ?

ಬಿಲ್: ಮುಂದಿನ ಜಮಾಬಂದಿಗೆ ತಪ್ಪದೆ ಹೋಗಿ. ‘ಪ್ರಯಾಣ ಭತ್ಯೆ ರಿಜಿಸ್ಟರ್ ತೋರಿಸಿ’ ಅಂತ ಒಂದು ಮಾತು ಕೇಳಿ. ಹೆಚ್ಚು ತಿಂದವರನ್ನು ಹಿಡಿಯೋಕೆ ಮಾತ್ರ ಅಲ್ಲ, ಕೈಯಿಂದ ಹಾಕಿ ಸುಮ್ಮನಾದವರಿಗೆ ಬಾಕಿ ಕೊಡಿಸೋಕೂ ಕೇಳಿ. ನೀವು ಜಮಾಬಂದಿಗೆ ಹೋಗಿ ಬಂದ ಬಸ್ ಚಾರ್ಜು ಮಾತ್ರ ನನ್ನ ಹತ್ತಿರ ಕೇಳಬೇಡಿ, ನಾಗರಿಕರಿಗೆ ಟಿ.ಎ. ಇಲ್ಲ.