ವಿದ್ಯುತ್ ಸೈಕಲ್ ಪ್ರಮಾಣ ಮೀಮಾಂಸೆ

ಹಳೇ ಸೈಕಲ್ಲಿಗೆ ಎಷ್ಟು ವ್ಯಾಟಿನ ಮೋಟಾರು, ಎಷ್ಟು ಆಂಪಿಯರ್-ಅವರಿನ ಬ್ಯಾಟರಿ ಎಂಬ ವಿಷಯದಲ್ಲಿ ವಿದ್ವಾಂಸರು ಮೂರು ಮತವಾಗಿ ಒಡೆದಿದ್ದಾರೆ. ವ್ಯಾಟಾದ್ವೈತಿಗಳಿಗೆ ವ್ಯಾಟೊಂದೇ ಸತ್ಯ, ಬ್ಯಾಟರಿ ಮಿಥ್ಯೆ. ದ್ವೈತಿಗಳು ಮೋಟಾರನ್ನು ಒಂದು ಅಂಗಡಿಯಲ್ಲಿ, ಬ್ಯಾಟರಿಯನ್ನು ಇನ್ನೊಂದರಲ್ಲಿ ಕೊಂಡವರು. ಎರಡರ ಕನೆಕ್ಟರು ಕಲ್ಪಾಂತ್ಯದವರೆಗೂ ಕೂಡುವುದಿಲ್ಲವೆಂಬುದು ಅವರ ಸ್ವಾನುಭವ. ಮೂರನೆಯದು ನಮ್ಮ ನಾಡಿನದೇ ಆದ ವಿಶಿಷ್ಟಾಡ್ಜಸ್ಟ್ ಮತ: ಮನೆಯ ಯುಪಿಎಸ್ ಬ್ಯಾಟರಿಯನ್ನೇ ಕ್ಯಾರಿಯರಿಗೆ ಕಟ್ಟಿ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಎಂದು ಸೈಕಲ್ಲಿಗೇ ಹೇಳುವುದು.

ತತ್ತ್ವನಿರ್ಣಯಕ್ಕೆ ಪ್ರಮಾಣಗಳು ಮೂರು. ಶಬ್ದಪ್ರಮಾಣವೆಂದರೆ ಅಂಗಡಿಯವನ ಮಾತು. ‘ಆರಾಮಾಗಿ ಎಂಬತ್ತು ಕಿಲೋಮೀಟರ್ ಬರುತ್ತೆ ಸಾರ್’ ಎಂಬ ಆಪ್ತವಾಕ್ಯದಲ್ಲಿ ‘ಯಾರೂ ಹತ್ತದಿದ್ದರೆ’ ಎಂದು ಅಧ್ಯಾಹಾರ ಮಾಡಿಕೊಳ್ಳತಕ್ಕದ್ದು.

ಅನುಮಾನಪ್ರಮಾಣಕ್ಕೆ ಪೆನ್ಸಿಲ್ ಬೇಕು. ಸವಾರ, ಸೈಕಲ್, ತರಕಾರಿ ಚೀಲ ಸೇರಿ 100 ಕೆಜಿ ಎನ್ನಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಓಡಲು ಟೈರಿನ ತಿಕ್ಕಾಟಕ್ಕೆ ಸುಮಾರು 70 ವ್ಯಾಟ್, ಗಾಳಿಗೆ 120 ವ್ಯಾಟ್ ಸಂದಾಯ. 250 ವ್ಯಾಟ್ ಧಾರಾಳವಾಯಿತು. ಪೂರ್ವಪಕ್ಷ: ಏರು ಬಂದರೆ? ನೂರಡಿಗೆ ಎಂಟಡಿ ಏರುವ ರಸ್ತೆಯಲ್ಲೂ ಅದೇ ವೇಗ ಬೇಕೆಂದರೆ 735 ವ್ಯಾಟ್, ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಸಿದ್ಧಾಂತ: ವೇಗ ಹತ್ತಕ್ಕಿಳಿಸಿ, ಮತ್ತೆ 250ಕ್ಕೇ ಬಂದು ನಿಲ್ಲುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹಬ್ಬಿನೊಳಗೆ ಕೂತ ಗೇರಿಲ್ಲದ ಮೋಟಾರು ಅಷ್ಟು ನಿಧಾನವಾಗಿ ತಿರುಗುವಾಗ ಕರೆಂಟಿನ ದೊಡ್ಡ ಪಾಲು ಕಾಯಿಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಅರ್ಧ ಏರಿನಲ್ಲಿ ಸೀದ ವಾರ್ನಿಷ್ ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಪ್ರತ್ಯಕ್ಷಪ್ರಮಾಣ. ಪೆಡಲಿನ ಬಳಿ ಕೂತು ಸೈಕಲ್ಲಿನ ಗೇರನ್ನೇ ಬಳಸುವ ಮೋಟಾರಿಗೆ ಈ ದೋಷ ಕಡಿಮೆ. ಅದು ಚೈನ್ ತಿನ್ನುತ್ತದೆ.

ಇನ್ನು ಬ್ಯಾಟರಿ. 36 ವೋಲ್ಟನ್ನು 10 ಆಂಪಿಯರ್-ಅವರಿನಿಂದ ಗುಣಿಸಿದರೆ 360 ವ್ಯಾಟ್-ಅವರ್. ಪೆಡಲ್ ತುಳಿಯದವರಿಗೆ ಕಿಲೋಮೀಟರಿಗೆ ಹತ್ತರ ಲೆಕ್ಕ. ಮೂವತ್ತು ಕಿಲೋಮೀಟರಿಗೆ ಮೋಸವಿಲ್ಲ. ಸೋಜಿಗವೆಂದರೆ, ಅದೇ 100 ಕೆಜಿಯನ್ನು 300 ಮೀಟರ್ ಗುಡ್ಡದ ನೆತ್ತಿಗೆ ಎತ್ತುವ ಕೆಲಸ ಬರೀ 82 ವ್ಯಾಟ್-ಅವರಿನದು. ಏರಿಗೆ ಹೆದರಬೇಕಾದದ್ದು ಮೋಟಾರು, ದೂರಕ್ಕೆ ಹೆದರಬೇಕಾದದ್ದು ಬ್ಯಾಟರಿ. ವಿಶಿಷ್ಟಾಡ್ಜಸ್ಟಿಗರು 12 ವೋಲ್ಟಿನ ಮೂರು ಯುಪಿಎಸ್ ಬ್ಯಾಟರಿ ಸಾಲಾಗಿ ಜೋಡಿಸಿ ಅಷ್ಟೇ ವೋಲ್ಟ್ ತೋರಿಸುತ್ತಾರೆ, ನಿಜ. ಆದರೆ ಸೀಸದ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಒಟ್ಟು ದಕ್ಕುವುದು ಕಡಿಮೆಯೆಂದು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಬರೆದಿಟ್ಟಿದ್ದಾನೆ.

ದಂಡನೀತಿ ಪ್ರಕರಣ ಚಿಕ್ಕದು. ಮೋಟಾರಿನ ಅರ್ಧ ಗಂಟೆಯ ಶಕ್ತಿ 250 ವ್ಯಾಟಿಗೂ ವೇಗ 25 ಕಿ.ಮೀ.ಗೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರದಿದ್ದರೆ ಅದು ಮೋಟಾರು ವಾಹನವಲ್ಲ ಎನ್ನುತ್ತವೆ ಕೇಂದ್ರದ ನಿಯಮಗಳು. ಪರೀಕ್ಷಾ ಸಂಸ್ಥೆ ಅದನ್ನು ದೃಢೀಕರಿಸಬೇಕೆಂಬ ಬಾಲವೂ ಅಲ್ಲಿದೆ. ತಕ್ಕ ಬ್ರೇಕು, ಮುಂದೊಂದು ಬಿಳಿ, ಹಿಂದೊಂದು ಕೆಂಪು ರಿಫ್ಲೆಕ್ಟರನ್ನೂ ಅದೇ ನಿಯಮ ಕೇಳುತ್ತದೆ. ಮೂರೂ ಮತದವರು ಮೊದಲು ಅವನ್ನು ಹಾಕಿಸಲಿ. ವ್ಯಾಟಿನ ವಾದ ಆಮೇಲೆ.